ಒಂದೆರಡು ಕಡೆ ಗುಡುಗು ಸಹಿತ ಮಳೆ

“ರಾಜ್ಯದ ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ.”

ಬೇಸಿಗೆಯ ದಿನಗಳಲ್ಲಿ ಆಕಾಶವಾಣಿಯ ವಾರ್ತೆಗಳ ಕೊನೆಯಲ್ಲಿ ಇಂಥ ವಾಕ್ಯವನ್ನು ಕೇಳದ ಕನ್ನಡಿಗರು ವಿರಳ. ಕೇಳಿದವರಲ್ಲಿ ಅದನ್ನು ಮನಸ್ಸಿಗೆ ತಂದುಕೊಂಡವರು ಇನ್ನೂ ವಿರಳ. ‘ಒಂದೆರಡು ಕಡೆ’ ಎಂದರೆ ಯಾವ ಕಡೆ? ‘ಸಂಭವವಿದೆ’ ಎಂದರೆ ಮಳೆ ಬರುತ್ತದೆಯೋ ಇಲ್ಲವೋ? ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಜಾರಿಕೊಳ್ಳುವ ಮಾತು ಇದೆಂದು ನಗುವವರೇ ಹೆಚ್ಚು. ನಾನೂ ಒಂದು ಕಾಲಕ್ಕೆ ಹಾಗೆ ನಕ್ಕವನೇ. ಆ ನಗು ನನ್ನನ್ನು ಹೇಗೆ ಬಿಟ್ಟುಹೋಯಿತೆಂಬುದನ್ನು ಮೊದಲು ಹೇಳಿ, ಅನಂತರ ಆ ವಾಕ್ಯದ ಅರ್ಥವನ್ನು ಬಿಡಿಸುತ್ತೇನೆ.

ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ಇಂದಿನ ವಿಜಯಪುರ ಜಿಲ್ಲೆ ಆಗ ಬಿಜಾಪುರ ಜಿಲ್ಲೆಯೆಂದು ಕರೆಸಿಕೊಳ್ಳುತ್ತಿತ್ತು. ಅಲ್ಲಿಯ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದೆ. ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯ ಯಜಮಾನರು ವಯಸ್ಸಾದ ರೈತರು. ಊರೆಲ್ಲ ಅವರನ್ನು ‘ಕಾಕಾ’ ಎಂದು ಕರೆಯುತ್ತಿತ್ತು. ಎರಡು ಎಕರೆ ನಿಂಬೆಯ ತೋಟ, ಸ್ವಲ್ಪ ಎರೆಭೂಮಿ, ಒಂದು ಜೋಡಿ ಎತ್ತು – ಇವು ಅವರ ಆಸ್ತಿ. ಅವರ ಮೊಮ್ಮಗ ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿ.

ಏಪ್ರಿಲ್ ತಿಂಗಳು, ಅಶ್ವಿನಿ ಮಳೆಯ ಕಾಲ. ಶಾಲೆಗೆ ರಜೆ ಬಿಟ್ಟಿತ್ತು. ಬೆಳಗಿನ ವಾರ್ತೆಯಲ್ಲಿ ಈ ವಾಕ್ಯ ಬಂದಾಗ ಕಾಕಾ ನಕ್ಕು, “ಒಂದೆರಡು ಕಡೆ ಅಂದ್ರ ನಮ್ಮೂರು ಬಿಟ್ಟು ಅಂತ ತಿಳಕೋಬೇಕ್ರಿ, ಮಾಸ್ತರ್ರ” ಎಂದರು. ನಾನೂ ನಕ್ಕೆ. ಅಂದು ಬಿಸಿಲು ಬಹಳ ತೀಕ್ಷ್ಣವಾಗಿತ್ತು. ಮರದ ಎಲೆ ಅಲುಗಾಡುತ್ತಿರಲಿಲ್ಲ. ಮೈಯ ಬೆವರು ಆರುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ ಬಿಳಿಯ ಮೋಡಗಳು ಗೋಪುರಗಳಂತೆ ಎದ್ದು ನಿಂತವು. ನಾಲ್ಕೂವರೆಗೆ ಧೂಳೆಬ್ಬಿಸುತ್ತ ತಣ್ಣನೆಯ ಗಾಳಿ ಬಂದಿತು. ಅದರ ಹಿಂದೆಯೇ ಗುಡುಗು, ಮಳೆ, ಆಲಿಕಲ್ಲು.

ಹುಡುಗ ಹೊಲದಲ್ಲಿದ್ದ. ಎತ್ತುಗಳನ್ನು ಬದುವಿನ ಬೇವಿನ ಮರಕ್ಕೆ ಕಟ್ಟಿ, ತಾನೂ ಅವುಗಳ ಬಳಿಯೇ ನಿಂತ. ಆದರೆ ನಿಂಬೆಯ ಕಾಯಿಯ ಗಾತ್ರದ ಆಲಿಕಲ್ಲುಗಳು ಎಲೆಗಳನ್ನು ಭೇದಿಸಿಕೊಂಡು ತಲೆಗೆ ಬಡಿಯತೊಡಗಿದಾಗ ತಾಳಲಾರದೆ, ಬಾವಿಯ ಹತ್ತಿರದ ಪಂಪಿನ ಮನೆಗೆ ಓಡಿದ. ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ನಾವು ಹೋಗಿ ನೋಡಿದಾಗ ನಿಂಬೆಯ ಗಿಡಗಳಲ್ಲಿ ಕಾಯಿಗಳಿರಲಿಲ್ಲ; ಹರಿದ ಎಲೆಗಳೂ ಹಸಿರು ಕಾಯಿಗಳೂ ಬಿಳಿಯ ಕಲ್ಲುಗಳೊಡನೆ ಬೆರೆತು ನೆಲವನ್ನು ಮುಚ್ಚಿದ್ದವು. ಬೇವಿನ ಮರದ ತೊಗಟೆ ಮೇಲಿನಿಂದ ಬುಡದವರೆಗೆ ಸೀಳಿಹೋಗಿತ್ತು. ಅದರ ಕೆಳಗೆ ಎರಡೂ ಎತ್ತುಗಳು ಸತ್ತು ಬಿದ್ದಿದ್ದವು. ಆಲಿಕಲ್ಲಿನ ಪೆಟ್ಟು ಹುಡುಗನನ್ನು ಅಲ್ಲಿಂದ ಓಡಿಸಿರದಿದ್ದರೆ ಸಿಡಿಲು ಅವನನ್ನೂ ಬಿಡುತ್ತಿರಲಿಲ್ಲ. ಮೂರು ಕಿಲೋಮೀಟರು ಆಚೆಯ ಹಳ್ಳಿಯಲ್ಲಿ ಅಂದು ಒಂದು ಹನಿಯೂ ಬೀಳಲಿಲ್ಲ.

ಮರುದಿನ ಕಾಕಾ ನನ್ನ ಬಾಗಿಲಿಗೆ ಬಂದು ಕುಳಿತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾಸ್ತರ್ರ, ರೇಡಿಯೋದಾಗ ಹೇಳಿದ್ದು ಖರೇನ ಆತಲ್ಲ. ಆ ಒಂದೆರಡು ಕಡೆ ಅಂದ್ರ ಏನಂತ ನೀವರ ಬಿಡಿಸಿ ಹೇಳಬೇಕಿತ್ತು” ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ ನನಗೆ ನಾಚಿಕೆಯಾಯಿತು. ಕನ್ನಡದಲ್ಲಿ ಎಂ.ಎ. ಪದವಿ ಪಡೆದಿದ್ದ ನನಗೆ ಒಂದು ಸರಳವಾದ ಕನ್ನಡ ವಾಕ್ಯದ ಅರ್ಥ ತಿಳಿದಿರಲಿಲ್ಲ. ಅಂದಿನಿಂದ ನಾನು ಅದನ್ನು ಕಲಿಯತೊಡಗಿದೆ.

ಮುಂಗಾರು ಕಾಲಿಡುವುದಕ್ಕೆ ಮೊದಲು, ಮಾರ್ಚಿಯಿಂದ ಮೇ ತಿಂಗಳವರೆಗೆ ಬೀಳುವ ಈ ಮಳೆಗೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳಿವೆ. ಉತ್ತರ ಕರ್ನಾಟಕದಲ್ಲಿ ಅದು ಅಡ್ಡಮಳೆ. ಮಾವು ಬೆಳೆಯುವ ಕಡೆ ಮಾವಿನ ಹೊಯ್ಲು. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿಯ ಹೂಮಳೆ. ಇದು ಪ್ರಾಯಶಃ ಮಧ್ಯಾಹ್ನದ ಮೇಲೆಯೇ ಬರುತ್ತದೆ. ಅದಕ್ಕೆ ಕಾರಣ ನೆಲದ ಕಾವು. ಸೂರ್ಯನು ನೆತ್ತಿಯ ಮೇಲಿರುವುದು ನಡುಹಗಲಿನಲ್ಲಾದರೂ, ನೆಲವು ಕಾದು, ಅದರಿಂದ ಗಾಳಿಯು ಕಾಯುವುದಕ್ಕೆ ಇನ್ನೆರಡು ಮೂರು ಗಂಟೆಗಳು ಬೇಕು. ಹೆಂಚು ಕಾದ ಮೇಲೆ ರೊಟ್ಟಿ ಬೇಯುವಂತೆ, ನೆಲ ಕಾದ ಮೇಲೆ ಮೋಡ ಹುಟ್ಟುತ್ತದೆ.

ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಮೇಲೇರಿದಂತೆ ಅದು ಹಿಗ್ಗಿ, ಪ್ರತಿಯೊಂದು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾಗುತ್ತದೆ. ಒಂದು ಎತ್ತರವನ್ನು ಮುಟ್ಟಿದಾಗ ಅದರಲ್ಲಿದ್ದ ನೀರಾವಿ ಹನಿಗಟ್ಟಿ ಮೋಡವಾಗುತ್ತದೆ. ಆಗ ನೀರಾವಿಯಲ್ಲಿ ಅಡಗಿದ್ದ ಗುಪ್ತೋಷ್ಣ ಹೊರಬಂದು ಗಾಳಿಗೆ ಮತ್ತೆ ಕಾವು ಕೊಡುತ್ತದೆ. ಸುತ್ತಲಿನ ಗಾಳಿ ತೀರ ತಣ್ಣಗಿದ್ದರೆ ಈ ಗಾಳಿ ತಡೆಯಿಲ್ಲದೆ ಏರುತ್ತಲೇ ಹೋಗುತ್ತದೆ. ಹೀಗೆ ಬೆಳೆದ ರಾಶಿವೃಷ್ಟಿ ಮೋಡದ ತಲೆ 12ರಿಂದ 16 ಕಿಲೋಮೀಟರು ಎತ್ತರಕ್ಕೆ ಹೋಗುವುದುಂಟು; ಎಂದರೆ ಎವರೆಸ್ಟ್ ಶಿಖರಕ್ಕಿಂತಲೂ ಬಹಳ ಮೇಲೆ.

ಬಿಸಿಲು ಕಾದ ದಿನವೆಲ್ಲ ಗುಡುಗು ಮಳೆ ಬರಬೇಕಲ್ಲವೆ? ಬರುವುದಿಲ್ಲ. ಅದಕ್ಕೆ ಮೂರು ಸಾಮಗ್ರಿಗಳು ಕೂಡಿಬರಬೇಕು. ಮೊದಲನೆಯದು ತೇವ; ನೆಲಕ್ಕೆ ಹತ್ತಿರದ ಗಾಳಿಯಲ್ಲಿ ಸಾಕಷ್ಟು ನೀರಾವಿ ಇರಬೇಕು. ಎರಡನೆಯದು ಅಸ್ಥಿರತೆ, ಕೆಳಗೆ ಬಿಸಿ, ಮೇಲೆ ತಣ್ಣಗೆ ಎಂಬ ಅಂತರ ಹೆಚ್ಚಾಗಿರಬೇಕು. ಮೂರನೆಯದು ಎತ್ತುವ ಬಲ. ಗಾಳಿಗಳು ಒಂದೆಡೆ ಸಂಧಿಸಿ ಒಂದನ್ನೊಂದು ಮೇಲಕ್ಕೆ ನೂಕಬೇಕು. ಬೇಸಿಗೆಯಲ್ಲಿ ಅರಬ್ಬೀ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯ ಗಾಳಿಯೂ ದಖ್ಖನ್ನಿನ ಒಳನಾಡಿನಲ್ಲಿ ಎದುರುಬದುರಾಗುತ್ತವೆ. ಅವು ಸಂಧಿಸುವ ಗೆರೆ ಹಲವು ದಿನಗಳಲ್ಲಿ ವಿದರ್ಭ, ಮರಾಠವಾಡಗಳಿಂದ ಹೊರಟು ಕರ್ನಾಟಕದ ಒಳನಾಡನ್ನು ಹಾದು ದಕ್ಷಿಣದವರೆಗೆ ಚಾಚಿರುತ್ತದೆ. ಆ ಗೆರೆಯ ಆಸುಪಾಸಿನಲ್ಲಿ ಗುಡುಗು ಮೋಡಗಳು ಏಳುತ್ತವೆ. ಇವುಗಳ ಜೊತೆಗೆ, ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ ಮೋಡವು ಬೇಗನೆ ಕುಸಿಯದೆ ಹೆಚ್ಚು ಹೊತ್ತು ಬಾಳುತ್ತದೆ. ಹೆಚ್ಚು ಉಗ್ರವೂ ಆಗುತ್ತದೆ.

ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಕೆಲವು ದಿನ ನೆಲದಿಂದ ಒಂದೆರಡು ಕಿಲೋಮೀಟರು ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳವೇ ಇಲ್ಲದಿದ್ದರೆ ಕಾವು ಆಗಾಗ ಹೊರಬಿದ್ದು ಸಣ್ಣ ಮಳೆಗಳಲ್ಲಿ ಮುಗಿದುಹೋಗುತ್ತದೆ. ಮುಚ್ಚಳ ಬಹಳ ಬಿಗಿಯಾಗಿದ್ದರೆ ಮೋಡವೇ ಏಳುವುದಿಲ್ಲ. ಮಧ್ಯಾಹ್ನದವರೆಗೆ ಬಿಗಿಯಾಗಿದ್ದು ಅನಂತರ ಹಾರಿಹೋಗುವ ಮುಚ್ಚಳವೇ ಅಪಾಯಕಾರಿ. ಅಲ್ಲಿಯವರೆಗೆ ಕೂಡಿಟ್ಟ ಕಾವೆಲ್ಲ ಒಮ್ಮೆಗೇ ಚಿಮ್ಮುತ್ತದೆ. ಬೆಳಗಿನ ಆಕಾಶ ತಿಳಿಯಾಗಿತ್ತೆಂಬ ಕಾರಣದಿಂದ ಸಂಜೆಯ ವಿಷಯದಲ್ಲಿ ನಿಶ್ಚಿಂತರಾಗಬಾರದೆಂಬುದು ಇದರಿಂದ ತಿಳಿಯುತ್ತದೆ.

ಆಲಿಕಲ್ಲು ಇಂಥ ಉಗ್ರ ಮೋಡದ ಒಡಲಿನಲ್ಲಿ ಹುಟ್ಟುತ್ತದೆ. ನಮ್ಮ ನಾಡಿನಲ್ಲಿ ಬೇಸಿಗೆಯಲ್ಲಿಯೂ ಸುಮಾರು 5 ಕಿಲೋಮೀಟರು ಎತ್ತರದಲ್ಲಿ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಆದರೆ ಮೋಡದ ಸಣ್ಣ ಹನಿಗಳು ಸೊನ್ನೆಗಿಂತ ಕೆಳಗೆ ಹೋದೊಡನೆ ಹೆಪ್ಪುಗಟ್ಟುವುದಿಲ್ಲ; ಸೊನ್ನೆಗಿಂತ ಹತ್ತು ಇಪ್ಪತ್ತು ಡಿಗ್ರಿ ಕೆಳಗೂ ನೀರಾಗಿಯೇ ಉಳಿಯಬಲ್ಲವು. ಇಂಥ ಅತಿಶೀತಲ ಹನಿಗಳ ನಡುವೆ ಒಂದು ಹಿಮದ ಹರಳು ಸಿಕ್ಕಿತೆಂದರೆ, ಹನಿಗಳು ಅದಕ್ಕೆ ತಾಗಿದೊಡನೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಹರಳು ಕಲ್ಲಾಗಿ ಬೆಳೆಯುತ್ತದೆ. ಎರಡು ಸೆಂಟಿಮೀಟರು ಗಾತ್ರದ ಕಲ್ಲನ್ನು ಬೀಳದಂತೆ ತಡೆದು ನಿಲ್ಲಿಸಲು ಮೋಡದೊಳಗಿನ ಗಾಳಿ ಗಂಟೆಗೆ ಸುಮಾರು 70 ಕಿಲೋಮೀಟರು ವೇಗದಲ್ಲಿ ಮೇಲಕ್ಕೆ ನುಗ್ಗುತ್ತಿರಬೇಕು. ಕಲ್ಲಿನ ಭಾರ ಗಾಳಿಯ ಬಲವನ್ನು ಮೀರಿದಾಗ ಅದು ನೆಲಕ್ಕೆ ಬೀಳುತ್ತದೆ. ಆಲಿಕಲ್ಲನ್ನು ಕತ್ತರಿಸಿ ನೋಡಿದರೆ ಈರುಳ್ಳಿಯಲ್ಲಿರುವಂತೆ ಪದರಗಳು ಕಾಣುತ್ತವೆ. ಕಲ್ಲು ಎಷ್ಟು ಸಲ ಮೇಲೆ ಕೆಳಗೆ ಓಡಾಡಿತೋ ಅಷ್ಟು ಪದರಗಳೆಂದು ಹಿಂದೆ ಹೇಳುತ್ತಿದ್ದರು. ಹನಿ ತಟಕ್ಕನೆ ಹೆಪ್ಪುಗಟ್ಟಿದರೆ ಬಿಳಿಯ ಪದರ, ನೀರು ಹರಡಿಕೊಂಡು ನಿಧಾನವಾಗಿ ಹೆಪ್ಪುಗಟ್ಟಿದರೆ ಪಾರದರ್ಶಕ ಪದರ ಎಂದು ಈಗ ತಿಳಿದಿದೆ. ಒಂದೇ ಪಯಣದಲ್ಲಿಯೂ ಹಲವು ಪದರಗಳು ಕೂಡಬಹುದು.

ಮಳೆಗಾಲದ ಮೋಡಗಳು ಇದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಸುರಿಸಿದರೂ ಆಲಿಕಲ್ಲು ಬೀಳುವುದು ಆಗ ಅಪರೂಪ. ಮುಂಗಾರಿನ ಮೋಡಗಳಲ್ಲಿ ಮೇಲೆ ನುಗ್ಗುವ ಗಾಳಿಗೆ ಇಷ್ಟು ರಭಸವಿರುವುದಿಲ್ಲ. ಹುಟ್ಟಿದ ಸಣ್ಣ ಕಲ್ಲುಗಳೂ ಬೆಚ್ಚನೆಯ ತೇವದ ಗಾಳಿಯಲ್ಲಿ ಇಳಿಯುವಾಗ ದಾರಿಯಲ್ಲಿಯೇ ಕರಗಿಹೋಗುತ್ತವೆ. ಕರಾವಳಿಗಿಂತ ಒಣ ಒಳನಾಡಿಗೆ ಆಲಿಕಲ್ಲಿನ ಬಾಧೆ ಹೆಚ್ಚಾಗಿರುವುದಕ್ಕೂ ಇಂಥವೇ ಕಾರಣಗಳು.

ಈ ಬಾಧೆ ಸಾಮಾನ್ಯವಾದುದಲ್ಲ. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದಿನ ಸುತ್ತಮುತ್ತ ಬಿದ್ದ ಆಲಿಕಲ್ಲಿನಿಂದ 246 ಜನ ಮೃತಪಟ್ಟರು. ಆಲಿಕಲ್ಲಿನಿಂದಾದ ಅತಿ ದೊಡ್ಡ ಜೀವಹಾನಿಯೆಂದು ವಿಶ್ವ ಹವಾಮಾನ ಸಂಸ್ಥೆ ಗುರುತಿಸಿರುವುದು ಅದನ್ನೇ. 2014ರ ಫೆಬ್ರವರಿ ಕೊನೆಯಿಂದ ಮಾರ್ಚಿಯ ನಡುವಿನವರೆಗೆ ಮಹಾರಾಷ್ಟ್ರದ ಮರಾಠವಾಡ, ವಿದರ್ಭಗಳಲ್ಲಿಯೂ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೂ ಆಲಿಕಲ್ಲು ದಿನದ ಮೇಲೆ ದಿನ ಸುರಿಯಿತು. ದ್ರಾಕ್ಷಿ ಕೊಯ್ಲಿನ ಕಾಲ ಅದು. ಜೋಳ, ಗೋಧಿ, ಕಡಲೆಗಳ ಸುಗ್ಗಿಯ ಕಾಲವೂ ಹೌದು. ವರ್ಷದ ದುಡಿಮೆಯೆಲ್ಲ ಕೈಗೆ ಬರುವ ವಾರದಲ್ಲಿಯೇ ಮಣ್ಣುಪಾಲಾಯಿತು.

ಇಂಥ ಮಳೆಯನ್ನು ಮುಂಚಿತವಾಗಿ ತಿಳಿಯುವ ಬಗೆ ಹೇಗೆ? ನಮ್ಮ ದೇಶದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಮುನ್ಸೂಚಕರ ಕೆಲಸ ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತದೆ. ಬೆಂಗಳೂರು, ಹೈದರಾಬಾದು, ಗೋವೆ ಮೊದಲಾದ ಕೇಂದ್ರಗಳಿಂದ ಮುಂಜಾನೆ 5.30ರ ವೀಕ್ಷಣೆಗಾಗಿ ದೊಡ್ಡ ಬಲೂನುಗಳನ್ನು ಹಾರಿಬಿಡುತ್ತಾರೆ. ಅದಕ್ಕೆ ಕಟ್ಟಿದ ಪುಟ್ಟ ಉಪಕರಣ ಮೇಲೇರುತ್ತ ಹೋದಂತೆ ಅಲ್ಲಲ್ಲಿಯ ಉಷ್ಣತೆ, ತೇವ, ಒತ್ತಡಗಳನ್ನು ರೇಡಿಯೋ ಮೂಲಕ ತಿಳಿಸುತ್ತದೆ. ಸುಮಾರು 30 ಕಿಲೋಮೀಟರು ಎತ್ತರದಲ್ಲಿ ಬಲೂನು ಒಡೆಯುತ್ತದೆ. ವೈದ್ಯನು ರೋಗಿಯ ನಾಡಿ ಹಿಡಿದು ನೋಡುವಂತೆ, ಮುನ್ಸೂಚಕನು ಈ ಅಂಕಿಗಳಿಂದ ಆಕಾಶದ ನಾಡಿಯನ್ನು ನೋಡುತ್ತಾನೆ. ಒಂದು ಕಿಲೋಗ್ರಾಂ ಗಾಳಿ ಮೇಲೇರಿದರೆ ಎಷ್ಟು ಶಕ್ತಿ ದೊರೆತೀತೆಂದು ಲೆಕ್ಕ ಹಾಕುತ್ತಾನೆ. ಅದು ಸಾವಿರ ಜೌಲ್‌ಗಳಿಗಿಂತ ಕಡಿಮೆಯಿದ್ದರೆ ಬಲ ಸಾಧಾರಣ. ಎರಡೂವರೆ ಸಾವಿರವನ್ನು ಮೀರಿದರೆ ಪ್ರಬಲ ಮೋಡಗಳಿಗೆ ಸಾಕಾಗುವಷ್ಟು ಶಕ್ತಿ ಇದೆಯೆಂದು ಅರ್ಥ. ಸಂಜೆ 5.30ಕ್ಕೆ ಇದೇ ಪರೀಕ್ಷೆ ಮತ್ತೊಮ್ಮೆ ನಡೆಯುತ್ತದೆ.

ಈ ಅಂಕಿಗಳನ್ನೂ ಉಪಗ್ರಹಗಳು ಕಳುಹಿಸುವ ಮಾಹಿತಿಯನ್ನೂ ಗಣಕಯಂತ್ರಕ್ಕೆ ಒಪ್ಪಿಸುತ್ತಾರೆ. ಗಣಕಯಂತ್ರವು ವಾಯುಮಂಡಲವನ್ನು ಚದುರಂಗದ ಹಲಗೆಯಂತೆ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಯಲ್ಲಿ ಮುಂದೆ ಏನಾಗುವುದೆಂದು ಲೆಕ್ಕ ಮಾಡುತ್ತದೆ. 2025ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಎಂಬ ವ್ಯವಸ್ಥೆಯಲ್ಲಿ ಇಂಥ ಒಂದು ಮನೆಯ ಅಗಲ ಸುಮಾರು 6 ಕಿಲೋಮೀಟರು. ಇದು ದೊಡ್ಡ ಸಾಧನೆ. ಆದರೂ ಆಲಿಕಲ್ಲಿನ ಹೊಡೆತ ಕೆಲವೊಮ್ಮೆ ಎರಡು ಮೂರು ಕಿಲೋಮೀಟರು ಅಗಲದ ಪಟ್ಟಿಯಲ್ಲಿಯೇ ಮುಗಿಯುತ್ತದೆ. ಬಲೆಯ ಕಣ್ಣಿಗಿಂತ ಮೀನು ಚಿಕ್ಕದಾದರೆ ಬಲೆಯನ್ನು ದೂರಿ ಫಲವಿಲ್ಲ. ಸಾಮಗ್ರಿ ಯಾವ ಪ್ರದೇಶದಲ್ಲಿ ಕೂಡಿದೆಯೆಂಬುದನ್ನು ಬೆಳಗ್ಗೆಯೇ ಬಹುಮಟ್ಟಿಗೆ ಹೇಳಬಹುದು. ಯಾವ ಹೊಲದ ಮೇಲೆ ಮೋಡ ಒಡೆಯುವುದೆಂಬುದನ್ನು ಹೇಳಲಾಗದು.

ಈಗ ನಮ್ಮ ವಾಕ್ಯಕ್ಕೆ ಮರಳೋಣ. ‘ಒಂದೆರಡು ಕಡೆ’ ಎಂಬುದು ಬಾಯಿಗೆ ಬಂದಂತೆ ಆಡಿದ ಮಾತಲ್ಲ; ಅದೊಂದು ಅಳತೆ. ಒಂದು ವಿಭಾಗದಲ್ಲಿರುವ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’ ಎನ್ನುತ್ತಾರೆ. 26ರಿಂದ 50ರವರೆಗೆ ಆದರೆ ‘ಕೆಲವು ಕಡೆ’; 51ರಿಂದ 75ರವರೆಗೆ ಆದರೆ ‘ಹಲವು ಕಡೆ’; ಅದಕ್ಕೂ ಹೆಚ್ಚಾದರೆ ‘ಬಹುತೇಕ ಕಡೆ’. ಎಂದರೆ ನಾಲ್ಕು ಊರುಗಳಲ್ಲಿ ಹೆಚ್ಚೆಂದರೆ ಒಂದಕ್ಕೆ ಮಳೆ ಎಂಬುದು ಅಂದಿನ ವಾರ್ತೆಯ ತಾತ್ಪರ್ಯ. ಕಾಕಾ ಅದನ್ನು ‘ನಮ್ಮೂರು ಬಿಟ್ಟು’ ಎಂದು ತಿಳಿದರು. ಆ ಒಂದು ಊರು ನಮ್ಮದೇ ಆಗಿತ್ತು.

‘ಸಂಭವ’ ಎಂಬ ಪದವೂ ಹೀಗೆಯೇ. ಮುನ್ಸೂಚಕನು ನೂರಕ್ಕೆ 30ರಷ್ಟು ಸಂಭವವಿದೆಯೆಂದು ಹತ್ತು ದಿನ ಹೇಳಿದರೆ, ಅವುಗಳಲ್ಲಿ ಮೂರು ದಿನದಷ್ಟು ಮಳೆಯಾಗಬೇಕು. ಉಳಿದ ಏಳು ದಿನ ಮಳೆ ಬಾರದಿದ್ದರೆ ಅವನು ಸುಳ್ಳಾಡಿದನೆಂದಲ್ಲ. ಹತ್ತು ದಿನವೂ ಬಂದಿದ್ದರೆ ಅವನ ಲೆಕ್ಕವೇ ತಪ್ಪು. ಒಂದು ದಿನದ ಫಲವನ್ನು ನೋಡಿ ಸಂಭವದ ಮಾತನ್ನು ಅಳೆಯಬಾರದು. ಬಹುದಿನಗಳ ಫಲವನ್ನು ನೋಡಿ ಅಳೆಯಬೇಕು.

ಸಂಭವವನ್ನು ತೂಗುವಾಗ ನಷ್ಟವನ್ನೂ ತೂಗಬೇಕು. ಎತ್ತುಗಳನ್ನು ಮೂರು ಗಂಟೆಗೇ ಮನೆಗೆ ಹೊಡೆದುಕೊಂಡು ಬಂದಿದ್ದರೆ ಕಾಕಾರವರಿಗೆ ಅರ್ಧ ದಿನದ ಕೆಲಸ ನಿಲ್ಲುತ್ತಿತ್ತು. ಮಳೆ ಬಾರದೆ ನಾಲ್ಕು ಸಲ ಹೀಗೆ ಕೆಲಸ ಕೆಟ್ಟಿದ್ದರೂ ನಷ್ಟ ಎರಡು ದಿನದ್ದು. ತಾರದೆ ಹೋದುದರಿಂದ ಆದ ನಷ್ಟ ಎರಡು ಜೀವಗಳದು. ಮೂರನೆಯ ಜೀವವೂ ಹೋಗುವುದರಲ್ಲಿತ್ತು. ಚಿಕ್ಕ ವೆಚ್ಚದಿಂದ ದೊಡ್ಡ ಹಾನಿ ತಪ್ಪುವಂತಿದ್ದರೆ, ಸಂಭವ ನಾಲ್ಕರಲ್ಲಿ ಒಂದಾಗಿದ್ದರೂ ಆ ವೆಚ್ಚವನ್ನು ಮಾಡುವುದೇ ವಿವೇಕ. ಇದಕ್ಕೆ ಅನುಕೂಲವಾಗಲೆಂದು ಹವಾಮಾನ ಇಲಾಖೆ ತನ್ನ ಎಚ್ಚರಿಕೆಗಳಿಗೆ ಬಣ್ಣಗಳನ್ನು ಕೊಟ್ಟಿದೆ. ಹಸಿರು ಎಂದರೆ ಎಚ್ಚರಿಕೆಯ ಅಗತ್ಯವಿಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕಾರ್ಯಕ್ಕೆ ತೊಡಗಿರಿ.

ಬೆಳಗಿನ ಮುನ್ಸೂಚನೆ ಮೊದಲನೆಯ ಮೆಟ್ಟಿಲು. ಎರಡನೆಯ ಮೆಟ್ಟಿಲು ಮಧ್ಯಾಹ್ನದ್ದು. ಮೋಡ ಒಮ್ಮೆ ಎದ್ದ ಮೇಲೆ ಅದು ಎಲ್ಲಿದೆ, ಯಾವ ಕಡೆ ಸಾಗುತ್ತಿದೆ ಎಂಬುದನ್ನು ಕಣ್ಣಾರೆ ನೋಡಿದಂತೆ ಹೇಳುವ ಯಂತ್ರ ಡಾಪ್ಲರ್ ರಾಡಾರ್. ಹತ್ತಿರ ಬರುವ ರೈಲಿನ ಸಿಳ್ಳು ತೀವ್ರವಾಗಿಯೂ ದೂರ ಸರಿಯುವ ರೈಲಿನ ಸಿಳ್ಳು ಮಂದ್ರವಾಗಿಯೂ ಕೇಳುವುದನ್ನು ನೀವು ಗಮನಿಸಿರಬಹುದು. ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರತಿಪಾದಿಸಿದ ತತ್ತ್ವ ಇದೇ. ರಾಡಾರು ಕಳುಹಿಸಿದ ತರಂಗಗಳು ಮಳೆಹನಿಗಳಿಗೆ ತಾಗಿ ಮರಳಿದಾಗ, ಅವುಗಳಲ್ಲಾದ ಬದಲಾವಣೆಯಿಂದ ಮೋಡದೊಳಗಿನ ಗಾಳಿಯ ವೇಗ ತಿಳಿಯುತ್ತದೆ. ಮರಳಿದ ಪ್ರತಿಧ್ವನಿ ಎಷ್ಟು ಬಲವಾಗಿದೆಯೆಂಬುದರಿಂದ ಹನಿಗಳ ಗಾತ್ರವನ್ನು ಊಹಿಸಬಹುದು. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬಹಳ ಮೇಲೆ ಬಲವಾದ ಪ್ರತಿಧ್ವನಿ ಕಂಡರೆ ಅಲ್ಲಿ ಆಲಿಕಲ್ಲು ಇದೆಯೆಂಬ ಶಂಕೆ ಹುಟ್ಟುತ್ತದೆ. ಹೊಸ ಬಗೆಯ ರಾಡಾರುಗಳು ಅಡ್ಡ ತರಂಗವನ್ನೂ ನೆಟ್ಟನೆಯ ತರಂಗವನ್ನೂ ಕಳುಹಿಸುತ್ತವೆ. ಬೀಳುವ ದೊಡ್ಡ ಮಳೆಹನಿ ಕೆಳಗೆ ಚಪ್ಪಟೆಯಾಗಿರುತ್ತದೆ. ಆಲಿಕಲ್ಲು ಉರುಳುತ್ತ ಬೀಳುವುದರಿಂದ ಎಲ್ಲ ಕಡೆಯಿಂದಲೂ ದುಂಡಗೆ ಕಾಣುತ್ತದೆ. ಈ ಭೇದದಿಂದ ನೀರನ್ನೂ ಕಲ್ಲನ್ನೂ ಬೇರ್ಪಡಿಸಿ ತಿಳಿಯಬಹುದು. ಆದರೆ ಭೂಮಿ ದುಂಡಗಿರುವುದರಿಂದ, ರಾಡಾರಿನಿಂದ ದೂರ ಹೋದಂತೆ ಅದರ ತರಂಗಗಳು ನೆಲದಿಂದ ಮೇಲೆ ಮೇಲೆ ಹಾಯ್ದುಹೋಗುತ್ತವೆ. ಆದುದರಿಂದ ಒಂದು ರಾಡಾರು ಇಡೀ ರಾಜ್ಯವನ್ನು ಕಾಯಲಾರದು.

ಇಂಥ ಮಾಹಿತಿಯಿಂದ ಮುಂದಿನ ಮೂರು ಗಂಟೆಗಳ ಮಟ್ಟಿಗೆ ಜಿಲ್ಲೆವಾರು ಎಚ್ಚರಿಕೆಗಳನ್ನು ಕೊಡುತ್ತಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಸಿಡಿಲನ್ನು ಗುರುತಿಸುವ ಸಾಧನಗಳ ಜಾಲವನ್ನು ಸ್ಥಾಪಿಸಿ, ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ರೂಪಿಸಿದೆ. ನಾವಿರುವ ಸ್ಥಳದ ಸುತ್ತ 20 ಮತ್ತು 40 ಕಿಲೋಮೀಟರುಗಳೊಳಗೆ ಸಿಡಿಲು ಇದೆಯೇ ಎಂಬುದನ್ನು ಅದು ತಿಳಿಸುತ್ತದೆ. ಕಾಕಾರವರ ಕಾಲಕ್ಕೆ ಇವು ಯಾವುವೂ ಹಳ್ಳಿಗೆ ಮುಟ್ಟಿರಲಿಲ್ಲ. ಇಂದು ರೈತನ ಅಂಗೈಯಲ್ಲಿವೆ.

ಮೂರನೆಯ ಮೆಟ್ಟಿಲು ಕೊನೆಯ ಅರ್ಧ ಗಂಟೆ. ಇಲ್ಲಿ ಮುನ್ಸೂಚಕನೆಂದರೆ ಹೊಲದಲ್ಲಿರುವ ಮನುಷ್ಯನೇ. ಹೂಕೋಸಿನಂತೆ ಉಬ್ಬುತ್ತ ಏರುವ ಮೋಡ, ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುವುದು, ತಳ ಕಪ್ಪಾಗುವುದು, ಸೆಕೆಯ ನಡುವೆ ಫಕ್ಕನೆ ತಣ್ಣನೆಯ ಗಾಳಿ ಬೀಸುವುದು – ಇವನ್ನು ಅರಿಯಲು ಯಂತ್ರ ಬೇಕಿಲ್ಲ. ಮಿಂಚು ಕಂಡೊಡನೆ ಸೆಕೆಂಡಿಗೆ ಒಂದರಂತೆ ಎಣಿಸಬೇಕು. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ. ಕೂಡಲೇ ಗೋಡೆ ಛಾವಣಿಗಳಿರುವ ಗಟ್ಟಿ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಅಲ್ಲಿಯೂ ಪಂಪು, ತಂತಿ, ನಲ್ಲಿಗಳನ್ನು ಮುಟ್ಟಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು.

ಮರದ ಕೆಳಗೆ ಮಾತ್ರ ನಿಲ್ಲಲೇಬಾರದು. ಎತ್ತರದ ಮರಕ್ಕೆ ಹೊಡೆದ ಸಿಡಿಲು ಪಕ್ಕದಲ್ಲಿರುವವರಿಗೆ ಹಾರಬಹುದು. ಬುಡದಿಂದ ನೆಲದಲ್ಲಿಯೂ ಹರಡುತ್ತದೆ. ಬುಡದಿಂದ ದೂರ ಹೋದಂತೆ ಅದರ ಒತ್ತಡ ಕಡಿಮೆಯಾಗುತ್ತದೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಆದ್ದರಿಂದ ಆ ಕಾಲುಗಳ ನಡುವಣ ಒತ್ತಡದ ವ್ಯತ್ಯಾಸವೂ ಹೆಚ್ಚು. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ, ಹೃದಯವಿರುವ ಒಡಲನ್ನು ಹಾದು, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಸಿಡಿಲಿಗೆ ದನಕರುಗಳು ಹಿಂಡುಹಿಂಡಾಗಿ ಬಲಿಯಾಗುವುದು ಇದರಿಂದಲೇ. ಬಯಲಿನಲ್ಲಿ ಸಿಕ್ಕಿಕೊಂಡು ಬೇರೆ ದಾರಿಯೇ ಇಲ್ಲದವರು ನೆಲದ ಮೇಲೆ ಮಲಗದೆ, ಎರಡು ಪಾದಗಳನ್ನೂ ಜೋಡಿಸಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಬೇಕು. ಆದರೆ ಬಯಲು ಎಂದಿಗೂ ಸುರಕ್ಷಿತ ಸ್ಥಳವಲ್ಲ.

ನಮ್ಮ ಹಿರಿಯರು ಮಳೆಯನ್ನು ಅರಿಯದವರಾಗಿರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟು ವರ್ಷವನ್ನು ಅಳೆದರು. ಯಾವ ಹದಿನಾಲ್ಕು ದಿನಗಳಲ್ಲಿ ಏನನ್ನು ನಿರೀಕ್ಷಿಸಬೇಕೆಂಬ ಅನುಭವ ಅದರಲ್ಲಿ ಅಡಗಿದೆ. ಅದು ಋತುವಿನ ಜ್ಞಾನ. ಇಂದಿನ ದಿನ, ಈ ಗಂಟೆ ಏನಾಗುವುದೆಂಬ ಜ್ಞಾನವನ್ನು ಬಲೂನು ಮತ್ತು ರಾಡಾರು ಕೊಡುತ್ತವೆ. ಒಂದು ಇನ್ನೊಂದಕ್ಕೆ ವೈರಿಯಲ್ಲ. ಎರಡನ್ನೂ ಬಲ್ಲವನಿಗೆ ಲಾಭ ಹೆಚ್ಚು.

ಕಾಕಾ ಈಗಿಲ್ಲ. ಅವರ ಮೊಮ್ಮಗ ಅದೇ ತೋಟದಲ್ಲಿ ನಿಂಬೆ ಬೆಳೆಯುತ್ತಿದ್ದಾನೆ. ಹೋದ ಬೇಸಿಗೆಯಲ್ಲಿ ನಾನು ಅವನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಅವನು ಮೊಬೈಲನ್ನು ನೋಡಿ, ದನಗಳನ್ನು ಕೊಟ್ಟಿಗೆಗೆ ಹೊಡೆಸಿ, ಆಳುಗಳನ್ನು ಮನೆಗೆ ಕಳುಹಿಸಿದ. ದೂರದಲ್ಲಿ ಗುಡುಗಿತು, ನಮ್ಮ ಕಡೆ ಮಳೆ ಬರಲಿಲ್ಲ. ಅಂಗಳದಲ್ಲಿ ಕುಳಿತಿದ್ದವರೊಬ್ಬರು, “ಸುಮ್ಮನ ಕೆಲಸ ಕೆಡಿಸಿದಿ” ಎಂದು ಹಾಸ್ಯ ಮಾಡಿದರು. ಅವನು ನಗಲಿಲ್ಲ. “ಇವತ್ತ ಬ್ಯಾರೆ ಕಡೆ ಆತು, ಅಷ್ಟ” ಎಂದ.

ಬದುವಿನಲ್ಲಿ ಆ ಬೇವಿನ ಮರ ಇನ್ನೂ ಇದೆ. ಸಿಡಿಲಿನ ಸೀಳು ತೊಗಟೆಯಲ್ಲಿ ಮಾಗಿ ಗೆರೆಯಾಗಿ ಉಳಿದಿದೆ. ಅದರ ಕೆಳಗೆ ಈಗ ಯಾರೂ ದನ ಕಟ್ಟುವುದಿಲ್ಲ.

ಅಭ್ಯಾಸ

1. ಗುಡುಗು ಸಹಿತ ಮಳೆ ಪ್ರಾಯಶಃ ಮಧ್ಯಾಹ್ನದ ಮೇಲೆ ಬರಲು ಕಾರಣವೇನು?
2. ಗುಡುಗು ಮಳೆಗೆ ಕೂಡಿಬರಬೇಕಾದ ಮೂರು ಸಾಮಗ್ರಿಗಳನ್ನು ವಿವರಿಸಿರಿ.
3. ಮುಂಗಾರಿನ ಮೋಡಗಳಿಂದ ಆಲಿಕಲ್ಲು ಬೀಳುವುದು ಅಪರೂಪವೇಕೆ?
4. ‘ಬಲೆಯ ಕಣ್ಣಿಗಿಂತ ಮೀನು ಚಿಕ್ಕದಾದರೆ ಬಲೆಯನ್ನು ದೂರಿ ಫಲವಿಲ್ಲ.’ ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿರಿ.
5. ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ – ಇವುಗಳ ಅರ್ಥಭೇದವನ್ನು ಬರೆಯಿರಿ.
6. “ಇವತ್ತ ಬ್ಯಾರೆ ಕಡೆ ಆತು, ಅಷ್ಟ” ಎಂಬ ಮೊಮ್ಮಗನ ಮಾತಿಗೂ “ನಮ್ಮೂರು ಬಿಟ್ಟು” ಎಂಬ ಕಾಕಾರವರ ಮಾತಿಗೂ ಇರುವ ವ್ಯತ್ಯಾಸವೇನು?
7. ಒಂದು ವಾರ ಪ್ರತಿದಿನ ಹವಾಮಾನದ ಮುನ್ಸೂಚನೆಯನ್ನು ಬರೆದಿಟ್ಟುಕೊಂಡು, ನಿಮ್ಮ ಊರಿನಲ್ಲಿ ಆದುದನ್ನು ಅದರ ಎದುರು ನಮೂದಿಸಿರಿ.